ಮೊದಲು ಬಾಯಿ ಬಿಟ್ಟವರು ಸೋತರು

ಸೊಲಿಹಲ್

ಪರದೇಶಕ್ಕೆ ಹೊರಟವರಿಗೆ ನನ್ನದೊಂದು ಸಲಹೆ. ಚಟ್ನಿಪುಡಿ, ಹಪ್ಪಳ ಎಷ್ಟಾದರೂ ಒಯ್ಯಿರಿ. ರಾಜಿ ಮಾಡಿಸುವ ಕೆಲಸ ಮಾತ್ರ ಒಪ್ಪಿಕೊಂಡು ಹೋಗಬೇಡಿ. ಹಪ್ಪಳ ದಾರಿಯಲ್ಲಿ ಮುರಿದರೆ ಹುರಿದು ಪುಡಿ ಮಾಡಿ ಬಡಿಸಬಹುದು. ರಾಜಿ ಮುರಿದರೆ ಅದನ್ನು ಯಾವ ಪದಾರ್ಥಕ್ಕೂ ಹಾಕಲಾಗುವುದಿಲ್ಲ.

ನಾನು ಹೋದದ್ದು ಅದೇ ಕೆಲಸಕ್ಕೆ. ಮೂಡುಬಿದಿರೆಯಲ್ಲಿ ಲೈನಿಂಗ್ ಬಟ್ಟೆ, ಗುಂಡಿ, ಲೇಸು ಮಾರುವ ಅಂಗಡಿ ನನ್ನದು. ಒಂದು ಹೊಲಿಗೆ ಮಿಷನ್ನಿನಿಂದ ಶುರು ಮಾಡಿ ಈಗ ಬಸ್‌ಸ್ಟ್ಯಾಂಡಿನ ಎದುರೇ ಇದ್ದೇನೆ. ಚೌಕಾಸಿ ನನಗೆ ಉಸಿರಾಟದ ಹಾಗೆ. ತಂಗಿ ಶಶಿ ಡಾಕ್ಟರನ್ನು ಮದುವೆಯಾಗಿ ಇಂಗ್ಲೆಂಡಿನ ಸೊಲಿಹಲ್ ಸೇರಿದವಳು; ಅವಳ ಗಂಡ ಅಲ್ಲಿ ಜಿಪಿ, ಅಂದರೆ ನಮ್ಮ ಫ್ಯಾಮಿಲಿ ಡಾಕ್ಟರ ಹಾಗೆ. ಒಬ್ಬಳೇ ಮಗಳು ಅನ್ವಿತಾ, ಮ್ಯಾಂಚೆಸ್ಟರಿನ ಒಂದು ಆಸ್ಪತ್ರೆಯಲ್ಲಿ ಡಾಕ್ಟರ್. ಈ ಅನ್ವಿತಾ ತಿಂಗಳುಗಳಿಂದ ಮನೆಗೆ ಬಂದಿರಲಿಲ್ಲ. ಅಮ್ಮನ ಫೋನು ಎತ್ತುತ್ತಿರಲಿಲ್ಲ.

ಕಾರಣ ಇಷ್ಟೇ. ಅವಳು ಒಂದು ದೊಡ್ಡ ಪರೀಕ್ಷೆಯಲ್ಲಿ ಫೇಲಾದಳು. ಅಮ್ಮನಿಗೆ ಹೇಳಿದಳು. ಅಮ್ಮ ಆ ವಾರವೇ ಟಿವಿಡೇಲ್‌ನ ಬಾಲಾಜಿ ದೇವಸ್ಥಾನದ ಊಟದ ಸಾಲಿನಲ್ಲಿ ನಿಂತು ನಾಲ್ಕು ಜನರಿಗೆ ಹೇಳಿದಳು. ಸಂಜೆಯೊಳಗೆ ಬರ್ಮಿಂಗ್‌ಹ್ಯಾಮ್ ಸುತ್ತಲಿನ ಕನ್ನಡ ಮನೆಗಳಿಂದ ಅನ್ವಿತಾಗೆ ಸಮಾಧಾನದ ಮೆಸೇಜುಗಳು ಹೋದವು. "ಡೋಂಟ್ ವರಿ ಪುಟ್ಟಾ" ಅಂತ. ಯಾರಿಗೆ ಬೇಕಿತ್ತು?

"ನಾನೇನು ಸುಳ್ಳು ಹೇಳಿದ್ನಾ ಅಕ್ಕಾ?" ನಾನು ಹೋದ ದಿನವೇ ಶಶಿ ಸೌಟು ಹಿಡಿದು ಕೇಳಿದಳು. "ದೇವ್ರ ಹತ್ರ ಕೇಳ್ಕೊಳ್ಳಿ ಅಂತ ಹೇಳಿದ್ದು. ನಿಜ ಹೇಳೋದು ತಪ್ಪಾ? ನೀನು ಹೋಗಿ ಅವಳನ್ನ ಕರ್ಕೊಂಡು ಬಾ. ನಿನ್ನ ಬಾಯಿಗೆ ಎಂಥೆಂಥ ವ್ಯಾಪಾರಿಗಳು ಬಗ್ಗಿದ್ದಾರೆ, ಇವಳು ಯಾವ ಲೆಕ್ಕ?"

ಹೊಗಳಿದರೆ ನಾನು ಬೀಳುತ್ತೇನೆ. ಒಪ್ಪಿಕೊಂಡೆ.

ಸೊಲಿಹಲ್ ಬಗ್ಗೆ ಹೇಳಬೇಕಾದ್ದು ಹೆಚ್ಚಿಲ್ಲ. ಒಂದಕ್ಕೊಂದು ತಾಗದ ಮನೆಗಳು, ಮನೆಗೆರಡು ಕಾರು, ಬೀದಿಯಲ್ಲಿ ನಡೆಯುವವಳು ನಾನೊಬ್ಬಳೇ. ಪಕ್ಕದ ಮನೆಯ ಹೆಂಗಸು "ಆಲ್‌ರೈಟ್?" ಎಂದು ಕೇಳಿದಳು. ಕೇಳಿದಳಲ್ಲ ಪಾಪ ಎಂದು ನಾನು ಮಂಡಿನೋವು, ವಿಮಾನದ ಊಟ, ಮೂಡುಬಿದಿರೆಯ ಸೆಕೆ ಎಲ್ಲ ಹೇಳತೊಡಗಿದೆ. ಅವಳು ಕಾರಿನ ಬಾಗಿಲು ಹಿಡಿದೇ ನಿಂತಳು. ಆಮೇಲೆ ಗೊತ್ತಾಯಿತು, ಅದು ಪ್ರಶ್ನೆಯಲ್ಲ, ನಮ್ಮಲ್ಲಿ "ಊಟ ಆಯ್ತಾ" ಅಂದ ಹಾಗೆ. ಊಟ ಆಯ್ತಾ ಎಂದವರ ಮನೆಗೆ ಎಲೆ ಹಿಡಿದು ಹೋದಂತಾಗಿತ್ತು ನನ್ನ ಕಥೆ.

ಪ್ರೆಸ್ಟ್‌ವಿಚ್

ಅನ್ವಿತಾ ಮ್ಯಾಂಚೆಸ್ಟರ್ ಸ್ಟೇಷನ್ನಿಗೆ ಬಂದಿದ್ದಳು. ನನ್ನ ಮೇಲೆ ಅವಳಿಗೇನೂ ಸಿಟ್ಟಿಲ್ಲ. ತಬ್ಬಿಕೊಂಡಳು, ಚೀಲ ಎತ್ತಿಕೊಂಡಳು. ಅವಳಿಗೆ ಕನ್ನಡ, ತುಳು ಎಲ್ಲ ಅರ್ಥವಾಗುತ್ತದೆ, ಉತ್ತರ ಬರುವುದು ಇಂಗ್ಲಿಷಿನಲ್ಲಿ. ನನ್ನದು ಅಂಗಡಿ ಇಂಗ್ಲಿಷು. ಇಲ್ಲಿ ಅವಳ ಮಾತನ್ನು ನಾನೇ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ದೊಡ್ಡಮ್ಮ, ನೀನು ನನ್ನನ್ನು ನೋಡೋಕೆ ಬಂದಿದ್ದೀಯಾ, ಕರ್ಕೊಂಡು ಹೋಗೋಕೆ ಬಂದಿದ್ದೀಯಾ?"

"ಎರಡಕ್ಕೂ ಒಂದೇ ಟಿಕೆಟ್ಟು," ಎಂದೆ. ನಕ್ಕಳು, ಆದರೆ ಆ ಮಾತು ಅಲ್ಲಿಗೇ ನಿಂತಿತು.

ಅವಳು ಬಾಡಿಗೆಗಿದ್ದದ್ದು ನಗರದ ಉತ್ತರಕ್ಕೆ, ಪ್ರೆಸ್ಟ್‌ವಿಚ್‌ನಲ್ಲಿ, ಮಿರಿಯಮ್ ಎಂಬ ಯಹೂದಿ ಹೆಂಗಸಿನ ಮನೆಯ ಮಾಳಿಗೆಯಲ್ಲಿ. ಮಿರಿಯಮ್ ನಿವೃತ್ತ ಶಾಲಾ ಟೀಚರ್, ನನಗಿಂತ ಸ್ವಲ್ಪ ದೊಡ್ಡವರು. ಗಿಡ್ಡ ಜೀವ, ದಪ್ಪ ಕನ್ನಡಕ. ಬಾಗಿಲ ಚೌಕಟ್ಟಿಗೆ ಹೊಡೆದ ಒಂದು ಸಣ್ಣ ಕರಡಿಗೆಯನ್ನು ಮುಟ್ಟಿ ಒಳಗೆ ಹೋಗುತ್ತಾರೆ, ನಾವು ಹೊಸ್ತಿಲು ಮುಟ್ಟಿ ನಮಸ್ಕರಿಸಿದ ಹಾಗೆ. ನನಗೆ ಆ ಮನೆ ಕೂಡಲೇ ಹಿಡಿಸಿತು.

ಹಿಡಿಸಿದ ಮನೆಯಲ್ಲಿ ನಾನು ಕೈಕಟ್ಟಿ ಕೂರುವವಳಲ್ಲ. ಮರುದಿನ ಬೆಳಿಗ್ಗೆ ಅನ್ವಿತಾ ಡ್ಯೂಟಿಗೆ ಹೋದಳು, ಮಿರಿಯಮ್ ಅಂಗಡಿಗೆ ಹೋದರು. ಸೇಮಿಗೆ ಪಾಯಸ ಮಾಡಿಡೋಣ ಎಂದು ಅಡುಗೆಮನೆಗೆ ಇಳಿದೆ. ನೋಡಿದರೆ ಎಲ್ಲ ಎರಡೆರಡು. ಒಂದು ಕಪಾಟಿನಲ್ಲಿ ಕೆಂಪು ಹಿಡಿಯ ಪಾತ್ರೆ, ಸೌಟು, ಚಾಕು, ಇನ್ನೊಂದರಲ್ಲಿ ನೀಲಿ. ಒಬ್ಬಂಟಿ ಹೆಂಗಸಿಗೆ ಇಷ್ಟೊಂದು ಯಾಕೆ? ನನ್ನ ಕೈ ಸುಮ್ಮನಿರಲಿಲ್ಲ. ಸಣ್ಣವೆಲ್ಲ ಒಂದು ಕಡೆ, ದೊಡ್ಡವೆಲ್ಲ ಇನ್ನೊಂದು ಕಡೆ ಎಂದು ಜೋಡಿಸಿಟ್ಟೆ. ಎಲ್ಲಕ್ಕಿಂತ ದೊಡ್ಡ ಕೆಂಪು ಪಾತ್ರೆಯಲ್ಲಿ ಹಾಲು ಕುದಿಸಿ ಪಾಯಸ ಮಾಡಿದೆ.

ಮಿರಿಯಮ್ ಬಂದರು. ಒಲೆ ನೋಡಿದರು. ಕಪಾಟು ತೆರೆದು ನೋಡಿದರು. ಮುಖ ಕೆಂಪಾಯಿತು. ಮೇಜಿನ ಅಂಚು ಹಿಡಿದು ಕಣ್ಣು ಮುಚ್ಚಿ ನಿಂತರು, ತುಟಿ ಏನೋ ಹೇಳಿಕೊಳ್ಳುತ್ತಿತ್ತು. ಆಮೇಲೆ ಕಣ್ಣು ತೆರೆದು, "ಕೆಂಪು ಮಾಂಸಕ್ಕೆ. ನೀಲಿ ಹಾಲಿಗೆ. ಎರಡೂ ಸೇರುವ ಹಾಗಿಲ್ಲ," ಎಂದರು.

ಎರಡು ಕಾರಣಕ್ಕೆ ನಾನು ಸೌಟು ಕೆಳಗಿಟ್ಟೆ. ಒಂದು, ಅವರ ಮಡಿ ಕೆಡಿಸಿದ್ದು. ಇನ್ನೊಂದು, ಮಾಂಸ ಮುಟ್ಟದ ನಾನು ಅಷ್ಟು ಹೊತ್ತಿಗೆ ಪಾಯಸದ ರುಚಿ ನೋಡಿ ಆಗಿತ್ತು. ನಮ್ಮಜ್ಜಿಯ ಅಡುಗೆಮನೆಯಲ್ಲಿ ಮುಸುರೆ ಕೈಯಲ್ಲಿ ಉಪ್ಪಿನಕಾಯಿ ಭರಣಿ ಮುಟ್ಟಿದ್ದರೆ ನನ್ನ ಗತಿ ಏನಾಗುತ್ತಿತ್ತೆಂದು ನನಗೆ ಗೊತ್ತು. ಕ್ಷಮೆ ಕೇಳತೊಡಗಿದೆ. ಮಿರಿಯಮ್ ಕೈಯೆತ್ತಿ ತಡೆದರು.

"ಸ್ಟೀಲು ಪಾತ್ರೆ, ಕುದಿಯುವ ನೀರಲ್ಲಿ ಶುದ್ಧ ಮಾಡಬಹುದು. ಬೇರೆಯದಕ್ಕೆ ನಮ್ಮ ಗುರುಗಳನ್ನು, ರಬ್ಬಿಯನ್ನು, ಕೇಳ್ತೀನಿ. ನನ್ನ ಮಟ್ಟಿಗೆ ನಿಮಗೆ ಥ್ಯಾಂಕ್ಸ್ ಹೇಳಬೇಕು. ಈ ಎರಡು ವಾರ ನಾನು ಸಿಟ್ಟಿನ ಮೇಲೆ ಕೆಲಸ ಮಾಡ್ತಿದ್ದೀನಿ. ಒಂದು ವಾರದಿಂದ ಒಬ್ಬರೂ ಸಿಟ್ಟು ಬರಿಸಿರಲಿಲ್ಲ. ಜನ ದುಡ್ಡು ಕೊಟ್ಟು ಜಿಮ್ಮಿಗೆ ಹೋಗ್ತಾರೆ, ನೀವು ಮನೆಗೇ ಭಾರ ತಂದುಕೊಟ್ರಿ."

ಸಿಟ್ಟಿನ ಮೇಲೆ ಕೆಲಸ! ರಸ್ತೆ ಕೆಲಸ ಅನ್ನುವ ಹಾಗೆ ಅಂದರು. ಇದೇನೆಂದು ತಿಳಿಯದೆ ನನಗೆ ಆ ದಿನ ನಿದ್ದೆ ಬರುವಂತಿರಲಿಲ್ಲ.

ಬುಧವಾರದ ಕೋಣೆ

ಮಿರಿಯಮ್ ಹೇಳಿದ ಆ ಕೆಲಸದ ಹೆಸರು ಮುಸಾರ್. ಹತ್ತೊಂಬತ್ತನೇ ಶತಮಾನದಲ್ಲಿ ಲಿಥುವೇನಿಯಾ ಕಡೆಯ ಯಹೂದಿ ಗುರುಗಳು ಅದನ್ನೊಂದು ಚಳವಳಿಯಾಗಿ ಬೆಳೆಸಿದರಂತೆ. ಅವರು ಹೇಳಿದ್ದು ನನ್ನಂಥ ಅಂಗಡಿಯವಳಿಗೂ ಅರ್ಥವಾಗುವಂಥದ್ದು: ಒಳ್ಳೆಯದು ಯಾವುದೆಂದು ತಿಳಿದ ಮಾತ್ರಕ್ಕೆ ಮನುಷ್ಯ ಒಳ್ಳೆಯವನಾಗುವುದಿಲ್ಲ, ಅದನ್ನು ಹೊಲಿಗೆಯ ಹಾಗೆ ಕೈಗೆ ಕಲಿಸಬೇಕು. ಆ ಕಡೆಯ ಯಹೂದಿ ಊರುಗಳು ಯುದ್ಧದಲ್ಲಿ ನಾಶವಾದವು. ಬದುಕಿ ಬಂದವರು ಇದನ್ನು ಉಳಿಸಿ ತಂದರು. ಈಗ ಮಿರಿಯಮ್‌ರಂಥವರು ಮನೆಯ ಮುಂಗೋಣೆಯಲ್ಲಿ ಬಿಸ್ಕತ್ತಿನ ತಟ್ಟೆ ಇಟ್ಟುಕೊಂಡು ನಡೆಸುತ್ತಾರೆ.

ಬುಧವಾರ ಮಧ್ಯಾಹ್ನ ನನ್ನನ್ನೂ ಕೂರಿಸಿಕೊಂಡರು. ಐದಾರು ಜನ. ಮೊದಲು ಒಂದೇ ಒಂದು ವಾಕ್ಯವನ್ನು ಎಲ್ಲರೂ ರಾಗವಾಗಿ ಮತ್ತೆ ಮತ್ತೆ ಹೇಳಿದರು, ಮಗ್ಗಿ ಉರು ಹೊಡೆದಂತೆ, ಆದರೆ ಒಬ್ಬರಿಗೆ ಕಣ್ಣಲ್ಲಿ ನೀರು ಬಂತು. ಆಮೇಲೆ ಒಬ್ಬೊಬ್ಬರೂ ತಾವು ಆ ಎರಡು ವಾರಕ್ಕೆ ಹಿಡಿದ ಗುಣ ಯಾವುದು, ಎಲ್ಲಿ ಜಾರಿದೆವು ಎಂದು ಹೇಳಿದರು. ನಮ್ಮಲ್ಲೂ ಕಾಮ, ಕ್ರೋಧ, ಲೋಭ ಎಂದು ಮಕ್ಕಳಿಗೂ ಬಾಯಿಪಾಠ ಇದೆ. ಆದರೆ ಈ ವಾರ ಕ್ರೋಧ, ಮುಂದಿನ ವಾರ ಲೋಭ ಎಂದು ಟೈಮ್‌ಟೇಬಲ್ ಹಾಕಿದವರನ್ನು ನಾನು ಕಂಡಿಲ್ಲ.

ಲೆನರ್ಡ್ ಎಂಬವರು, ಉದ್ದನೆಯ ಮುದುಕ, ತಡವಾಗಿ ಬಂದರು. ಅವರು ಹಿಡಿದ ಗುಣ ಹೊತ್ತಿಗೆ ಸರಿಯಾಗಿ ಬರುವುದು. ಒಬ್ಬರು ಬಿಸ್ಕತ್ತಿನ ತಟ್ಟೆ ಅವರತ್ತ ಸರಿಸಿದರು. ನನಗೆ ತಡೆಯಲಾಗಲಿಲ್ಲ.

"ಗಡಿಯಾರ ಸ್ವಲ್ಪ ಮುಂದೆ ಇಟ್ಟುಬಿಡಿ. ನನ್ನ ಅಂಗಡಿ ಹುಡುಗಿಯರಿಗೆ ಹಾಗೇ ಮಾಡಿದ್ದು."

ಮಿರಿಯಮ್ ಬೆರಳೆತ್ತಿದರು. "ಇಲ್ಲಿ ಒಬ್ಬರು ಇನ್ನೊಬ್ಬರಿಗೆ ಸಲಹೆ ಕೊಡೋ ಹಾಗಿಲ್ಲ."

"ಮತ್ತೆ ಯಾಕೆ ಸೇರ್ತೀರಿ?"

ಎಲ್ಲರೂ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

"ನೀವು ಯಾವ ಗುಣ ತಗೊಳ್ತೀರಿ?" ಮಿರಿಯಮ್ ಕೇಳಿದರು.

"ನನ್ನ ತಂಗಿಗೆ ಮೌನ ಕೊಡಿ. ಅವಳಿಗೆ ತುಂಬ ಅಗತ್ಯ ಇದೆ."

"ಬೇರೆಯವರ ಪರವಾಗಿ ತಗೊಳ್ಳೋ ಹಾಗೂ ಇಲ್ಲ."

"ಹಾಗಾದ್ರೆ ನನಗೇ ಇರಲಿ," ಎಂದೆ, ಒಳಗೊಳಗೆ ಗೆದ್ದವಳಂತೆ. ಮೌನ ನನ್ನ ಕಸುಬಿನ ಗುಟ್ಟು. ದರ ಹೇಳಿದ ಮೇಲೆ ಬಾಯಿ ಮುಚ್ಚಬೇಕು. ಮೊದಲು ಬಾಯಿ ಬಿಟ್ಟವರು ಸೋತರು. ನನಗೆ ಯಾರೂ ಕಲಿಸಬೇಕಾಗಿಲ್ಲ ಅಂದುಕೊಂಡೆ. ಅಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ; ನನ್ನ ಪಾಲಿಗೆ ಬಂದವರು ಲೆನರ್ಡ್. ದಿನಾ ಸಂಜೆ ಫೋನು ಮಾಡಿ "ಹೇಗಿತ್ತು?" ಎಂದು ಕೇಳುವುದು. ಕೇಳಿ, ಕೇಳಿಸಿಕೊಂಡು, ಇಡುವುದು. ಅಷ್ಟೇ.

ಲೀಡ್ಸ್

ಶುಕ್ರವಾರ ಅನ್ವಿತಾಗೆ ರಜೆ. ಲೀಡ್ಸ್ ಮಾರ್ಕೆಟ್ಟಿನಲ್ಲಿ ಗಿರಣಿಯ ಕೊನೆ ತುಂಡು ಬಟ್ಟೆ ಸಿಗುತ್ತದೆಂದು ಕೇಳಿ ನಾನೇ ಹಟ ಹಿಡಿದು ಹೊರಡಿಸಿದೆ. ದಾರಿಯಲ್ಲಿ ಬೋಳು ಗುಡ್ಡಗಳ ಮೇಲೆ ಹೆದ್ದಾರಿ ಎರಡಾಗಿ ಸೀಳಿಕೊಂಡು ನಡುವೆ ಒಂದು ಹೊಲಮನೆಯನ್ನು ಬಿಟ್ಟುಹೋಗಿದೆ. ಎಷ್ಟು ಕೊಟ್ಟರೂ ರೈತ ಮಾರಲಿಲ್ಲ ಎಂದು ಜನ ಹೇಳುತ್ತಾರಂತೆ. ನಿಜವಾಗಿ ಅಲ್ಲಿನ ನೆಲ ರಸ್ತೆಗೆ ಸರಿಯಿರಲಿಲ್ಲ ಎಂದಳು ಅನ್ವಿತಾ. ನನಗೆ ಜನರ ಕಥೆಯೇ ಇಷ್ಟವಾಯಿತು.

ಮಾರ್ಕೆಟ್ಟಿನ ಬಟ್ಟೆಯವನು ದೊಡ್ಡ ಹೊಟ್ಟೆಯ ಯಾರ್ಕ್‌ಷೈರ್ ಗಂಡಸು. ಮೊಮ್ಮಗಳ ವಯಸ್ಸಿನವರಿಂದ ಹಿಡಿದು ನನ್ನವರೆಗೆ ಎಲ್ಲರನ್ನೂ "ಲವ್" ಎಂದೇ ಕರೆಯುತ್ತಾನೆ. ಬೂದು ಉಣ್ಣೆಯ ತುಂಡೊಂದಕ್ಕೆ ದರ ಹೇಳಿದ. ನಾನು ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ಸುಮ್ಮನೆ ನಿಂತೆ. ಅವನು ಇದು ಅಪ್ಪಟ ಉಣ್ಣೆ ಎಂದ. ನಾನು ಮಾತಾಡಲಿಲ್ಲ. ಚಳಿ ಇದೆಯಲ್ಲಾ ಎಂದ. ನಾನು ಬಟ್ಟೆಯ ಅಂಚು ನೋಡಿದೆ. "ಗೋ ಆನ್ ದೆನ್, ಲವ್," ಎಂದು ತಾನೇ ಇಳಿಸಿದ. ಅನ್ವಿತಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು.

ಮರಳುವಾಗ ಕಾರಿನಲ್ಲಿ ಅದನ್ನೇ ಮಾಡಿದೆ. "ಶಶಿ ದಿನಾ ನಿನ್ನ ಕೋಣೆ ಗುಡಿಸ್ತಾಳೆ," ಎಂದೆ. ಅಷ್ಟು ಹೇಳಿ ಬಾಯಿ ಮುಚ್ಚಿ ಕಿಟಕಿಯ ಕಡೆ ತಿರುಗಿದೆ. ಗುಡ್ಡ ಹತ್ತಿದೆವು. ಕುರಿಗಳು ಹೋದವು. ಹೊಲಮನೆ ಬಂತು, ಹೋಯಿತು. ಈಗ ಬಾಯಿ ಬಿಡುತ್ತಾಳೆ, ಈಗ ಎಂದು ಕಾದೆ.

ಬಿಟ್ಟಳು. "ದೊಡ್ಡಮ್ಮ, ನೀನು ಆ ಬಟ್ಟೆಯವನಿಗೆ ಮಾಡಿದ್ದನ್ನೇ ನನಗೂ ಮಾಡ್ತಿದ್ದೀಯ. ನಾನಾಗೇ ದರ ಇಳಿಸ್ಲಿ ಅಂತ ಕಾಯ್ತಿದ್ದೀಯ."

ನನ್ನ ಅಂಗಡಿಗೆ ಎಂಥೆಂಥ ಸೇಲ್ಸ್‌ಮನ್‌ಗಳು ಬಂದಿದ್ದಾರೆ. ಒಬ್ಬನೂ ನನ್ನನ್ನು ಹೀಗೆ ಹಿಡಿದಿರಲಿಲ್ಲ.

"ಹೌದು," ಎಂದೆ. "ನಿಮ್ಮಮ್ಮನಿಗೆ ಏನಂತ ಹೇಳಲಿ ಅಂತ ಲೆಕ್ಕ ಹಾಕ್ತಾ ಕೂತಿದ್ದೆ. ಮೌನ ಅಲ್ಲ ಇದು, ಬಾಯಿ ಮುಚ್ಚಿಕೊಂಡು ಜಗ್ಗೋದು. ಬಿಟ್ಟೆ ಮಗಳೇ. ನೀನು ಮನೆಗೆ ಬಂದರೆ ಬಾ, ಬಿಟ್ಟರೆ ಬಿಡು."

ಹೇಳಿದ್ದೇನೋ ಹೇಳಿದೆ. ಆಮೇಲೆ ಸುಮ್ಮನಿರುವುದು ಎಷ್ಟು ಕಷ್ಟ! ಏನೂ ಬೇಡದೆ ಸುಮ್ಮನಿದ್ದು ನನಗೆ ಅಭ್ಯಾಸವೇ ಇರಲಿಲ್ಲ. ಕೈಯಲ್ಲಿ ಕೆಲಸವಿಲ್ಲದವರ ಹಾಗೆ ಆಯಿತು. ಉಣ್ಣೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಅದರ ನೂಲು ತಡವುತ್ತಾ ಕೂತೆ.

ಮನೆಯ ಮುಂದೆ ಕಾರು ನಿಲ್ಲಿಸಿ ಅನ್ವಿತಾ ಇಳಿಯಲಿಲ್ಲ. ಸ್ಟಿಯರಿಂಗ್ ನೋಡುತ್ತಾ, "ಪಾಸಾಯ್ತು," ಎಂದಳು. "ಹೋದ ತಿಂಗಳೇ ರಿಸಲ್ಟು ಬಂತು."

ನಾನು ಕಿರುಚಿಬಿಟ್ಟೆ. ಅವಳು ನನ್ನ ಕೈ ಹಿಡಿದಳು.

"ಅಮ್ಮನಿಗೆ ಹೇಳಿಲ್ಲ. ಹೇಳಿದ ದಿನವೇ ಅದೇ ಸಾಲಿನಲ್ಲಿ ನಿಂತು ಎಲ್ಲರಿಗೂ ಹೇಳ್ತಾಳೆ. ಫೇಲಾದದ್ದು ಅವಳ ಸುದ್ದಿ ಆಯ್ತು, ಪಾಸಾದದ್ದೂ ಅವಳದೇ ಸುದ್ದಿ. ನನ್ನದು ಅಂತ ಏನಿದೆ ದೊಡ್ಡಮ್ಮ? ನಾನೇ ಹೇಳಬೇಕು, ನನಗೆ ಮನಸ್ಸಾದಾಗ. ನೀನು ಹೇಳಿದ್ರೆ ಮುಗೀತು, ನಾನು ಆ ಮನೆ ಕಡೆ ತಲೆ ಹಾಕಲ್ಲ."

ನಾಲಿಗೆಯ ತುದಿಗೆ ಮೂರು ಸಲಹೆ ಬಂದು ನಿಂತವು. ನುಂಗಿದೆ. ಆ ಸಂಜೆ ಲೆನರ್ಡ್ ಎಂದಿನಂತೆ ತಡವಾಗಿ ಫೋನು ಮಾಡಿ "ಹೇಗಿತ್ತು?" ಎಂದರು. "ಬಾಯಿ ತುರಿಸ್ತಾ ಇದೆ," ಎಂದೆ. ಅವರು ಏನೂ ಹೇಳುವ ಹಾಗಿಲ್ಲ. ಆದರೆ ನಗಬಾರದೆಂದು ಯಾವ ನಿಯಮವೂ ಇರಲಿಲ್ಲ.

ಮತ್ತೆ ಸೊಲಿಹಲ್

ಶಶಿ ಬಾಗಿಲಲ್ಲೇ ಹಿಡಿದಳು. "ಏನಂದಳು? ಬರ್ತಾಳಂತಾ?"

"ಚೆನ್ನಾಗಿದ್ದಾಳೆ. ನನ್ನನ್ನ ಬೀಳ್ಕೊಡೋಕೆ ಮುಂದಿನ ಭಾನುವಾರ ಟಿವಿಡೇಲ್‌ಗೆ ಬರ್ಬಹುದು. ಡ್ಯೂಟಿ ಪಟ್ಟಿ ನೋಡಿ ಹೇಳ್ತಾಳಂತೆ."

"ಅಷ್ಟೇನಾ? ಸೂಜಿ ಕೊಳ್ಳೋಕೆ ಬಂದವರ ಹೊಟ್ಟೆಯಿಂದ ಊರಿಡೀ ಸುದ್ದಿ ತೆಗೀತೀಯ, ನನ್ನ ಮಗಳ ಹತ್ರ ಇಷ್ಟೇನಾ ತೆಗೆದದ್ದು? ಪರೀಕ್ಷೆ ಮತ್ತೆ ಬರೆದಳಾ?"

"ಅದು ಅವಳು ಹೇಳಬೇಕಾದ್ದು ಶಶಿ. ನಾನಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ನನಗೆ ಏನೋ ಗೊತ್ತಿದೆ, ಹೇಳುತ್ತಿಲ್ಲ ಎಂದು ಅವಳಿಗೆ ತಿಳಿಯಿತು; ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವರು ನಾವು. "ನೀನೂ ಅವಳ ಕಡೆ ಸೇರ್ಕೊಂಡೆ," ಎಂದು ತುಳುವಿನಲ್ಲಿ ಬೈದಳು. ಸಿಟ್ಟು ಬಂದರೆ ಅವಳಿಗೆ ತುಳುವೇ ಬೇಕು. ಎರಡು ದಿನ ನನಗೆ ಕಾಫಿ ಕೊಟ್ಟಳು, ಮಾತು ಕೊಡಲಿಲ್ಲ.

ಒಳ್ಳೆಯ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು, ಅದು ತಿಳಿಯದೆ ಸಂಕಟಪಡುವವರ ಎದುರು ಕೂರುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಒಂದು ಮಾತು ಹೇಳಿದ್ದರೆ ಅವಳ ಮುಖ ಅರಳುತ್ತಿತ್ತು. ಹೇಳುವ ಸಂತೋಷ ಮಾತ್ರ ನನ್ನದಾಗುತ್ತಿತ್ತು, ಆಮೇಲೆ ಮಗಳಿಲ್ಲದ ಮನೆ ಅವಳದು. ಸಂಜೆ ಲೆನರ್ಡ್ ಕೇಳುತ್ತಿದ್ದರು. "ಇನ್ನೂ ಮುಚ್ಚಿದೆ," ಎನ್ನುತ್ತಿದ್ದೆ.

ಟಿವಿಡೇಲ್

ಭಾನುವಾರ ದೇವಸ್ಥಾನದ ಕಾರ್ ಪಾರ್ಕಿನಲ್ಲಿ ಜಾಗವಿರಲಿಲ್ಲ. ಶಶಿಯ ಗಂಡ ಕಾರು ನಿಲ್ಲಿಸಲು ಹೋದರು. ನಾವಿಬ್ಬರು ದರ್ಶನ ಮುಗಿಸಿ ಊಟದ ಸಾಲಿನಲ್ಲಿ ನಿಂತೆವು, ಕಾಂಜೀವರಂ ಸೀರೆಯ ಮೇಲೆ ದಪ್ಪ ಜಾಕೆಟ್ಟು, ಕಾಲಿಗೆ ಸಾಕ್ಸು. ಅನ್ವಿತಾ ಬರುವ ಬಗ್ಗೆ ಮೆಸೇಜು ಬಂದಿರಲಿಲ್ಲ. ಶಶಿ ಫೋನನ್ನು ತೆಗೆಯುತ್ತಾ ಇಡುತ್ತಾ ಇದ್ದಳು.

ಮುಂದೆ ನಿಂತಿದ್ದ ಹೆಂಗಸು ತಿರುಗಿದಳು. ಮಲ್ಲಿಕಾ ಎನ್ನೋಣ. ಶಶಿ ಅವತ್ತು ಸುದ್ದಿ ಹೇಳಿದ್ದ ನಾಲ್ವರಲ್ಲಿ ಒಬ್ಬಳು.

"ಏನ್ ಶಶಿ, ಮಗಳ ಪರೀಕ್ಷೆ ಏನಾಯ್ತು? ನಾವೆಲ್ಲ ಅರ್ಚನೆ ಮಾಡಿಸಿದ್ವಪ್ಪಾ. ಫಲ ಗೊತ್ತಾಗೋದು ಬೇಡ್ವಾ?"

ಸಾಲಿನಲ್ಲಿ ಮತ್ತೆರಡು ತಲೆ ತಿರುಗಿದವು. ಮಲ್ಲಿಕಾಳ ಬಾಯಿ ಮುಚ್ಚಿಸುವ ಮಾತು ನನ್ನ ನಾಲಿಗೆಯ ಮೇಲೆಯೇ ಇತ್ತು, ಬಿಸಿ ತುತ್ತಿನ ಹಾಗೆ. ಶಶಿ ನನ್ನ ಕಡೆ ನೋಡಿದಳು. ಕೇಳುವ ನೋಟವೇ ಅದು: ನಿನಗೆ ಗೊತ್ತಲ್ಲ, ಹೇಳು. ನಾನು ಸಾಂಬಾರಿನ ಹಂಡೆಯನ್ನು ನೋಡುತ್ತಾ ನಿಂತೆ.

"ಗೊತ್ತಿಲ್ಲ ಮಲ್ಲಿಕಾ," ಎಂದಳು ಶಶಿ, ನಿಧಾನವಾಗಿ. "ಅದು ಅವಳ ವಿಷಯ. ಅವಳು ಹೇಳಿದಾಗ ಕೇಳ್ಕೊಳ್ತೀನಿ."

"ಅಯ್ಯೋ, ತಾಯಿಗೇ ಗೊತ್ತಿಲ್ವಾ?"

"ತಾಯಿಗೇ ಗೊತ್ತಿಲ್ಲ."

ಅವಳ ಕಿವಿ ಕೆಂಪಾಗಿತ್ತು. ನಾಲ್ಕು ಜನರೆದುರು ಆ ಮಾತು ಹೇಳುವುದು ಸುಲಭವಲ್ಲ. ಮಲ್ಲಿಕಾ ತಟ್ಟೆ ಹಿಡಿದು ಮುಂದೆ ಹೋದಳು. ನಾನು ಹಿಂದೆ ತಿರುಗಿದರೆ ಎರಡು ಜನರ ಆಚೆ ಅನ್ವಿತಾ ನಿಂತಿದ್ದಳು, ಆಸ್ಪತ್ರೆಯ ಗುರುತಿನ ಚೀಟಿಯ ಪಟ್ಟಿ ಇನ್ನೂ ಕುತ್ತಿಗೆಯಲ್ಲಿ. ಎಷ್ಟು ಹೊತ್ತಿನಿಂದಲೋ.

ಊಟ ಮುಗಿಸಿ ಹೊರಡುವಾಗ ಚಪ್ಪಲಿ ಇಡುವ ಜಾಗದಲ್ಲಿ ಅವಳು ಅಮ್ಮನ ಪಕ್ಕ ಬೂಟಿನ ಲೇಸು ಕಟ್ಟುತ್ತಾ ಕೂತಳು. ತಲೆ ಎತ್ತದೆ, ನನ್ನ ಇಡೀ ಪ್ರವಾಸದಲ್ಲಿ ಮೊದಲ ಸಲ ಕನ್ನಡದಲ್ಲಿ ಹೇಳಿದಳು. "ಅಮ್ಮಾ, ನಾನು ಪಾಸ್ ಆಯ್ತು. ಯಾರಿಗೂ ಹೇಳ್ಬೇಡ."

ಶಶಿಯ ಬಾಯಿ ತೆರೆಯಿತು. ಊಟದ ಮನೆಯ ಬಾಗಿಲಲ್ಲಿ ಮಲ್ಲಿಕಾಳ ಬೆನ್ನು ಕಾಣುತ್ತಿತ್ತು. ಶಶಿ ಅದನ್ನು ನೋಡಿದಳು, ಮಗಳನ್ನು ನೋಡಿದಳು, ಬಾಯಿ ಮುಚ್ಚಿದಳು.

"ಅಪ್ಪನಿಗೆ?" ಎಂದು ಪಿಸುಗುಟ್ಟಿದಳು.

"ಅಪ್ಪನಿಗೆ ಹೇಳು."

"ಅಕ್ಕನಿಗೆ?"

"ದೊಡ್ಡಮ್ಮನಿಗೆ ಗೊತ್ತು."

ಶಶಿ ನನ್ನ ತೋಳು ಹಿಂಡಿದಳು, ಚಿಕ್ಕವಳಿದ್ದಾಗ ಹಿಂಡುತ್ತಿದ್ದ ಜಾಗದಲ್ಲೇ. "ಕಳ್ಳಿ!" ಎಂದಳು. ಜಾಕೆಟ್ಟು ದಪ್ಪಗಿದ್ದರೂ ನೋವಾಯಿತು.

ಮೂಡುಬಿದಿರೆ

ಊರಿಗೆ ಬಂದ ಮೇಲೆ ಲೆನರ್ಡ್ ಇನ್ನೂ ಆಗಾಗ ಫೋನು ಮಾಡುತ್ತಾರೆ. ಅವರು ತಡ ಮಾಡುವುದು ಬಿಟ್ಟಿಲ್ಲ, ನಾನು ಸಲಹೆ ಕೊಡುವುದು ಬಿಟ್ಟಿಲ್ಲ. ಈ ಬರಹದ ಮೊದಲ ಸಾಲೇ ಅದಕ್ಕೆ ಸಾಕ್ಷಿ. ಅಂಗಡಿಯಲ್ಲಿ ಚೌಕಾಸಿಯೂ ಮೊದಲಿನ ಹಾಗೇ ನಡೆದಿದೆ; ಹೊಟ್ಟೆಪಾಡು ಬೇರೆ.

ಇದನ್ನು ಬರೆಯುವ ಮೊದಲು ಅನ್ವಿತಾಗೆ ಫೋನು ಮಾಡಿದೆ. "ನಿನ್ನ ವಿಷಯ ಬರೀಬಹುದಾ?" ಎಂದು ಕೇಳಿ ಸುಮ್ಮನಾದೆ. ಆ ಕಡೆಯಿಂದ ಮಾತಿಲ್ಲ. ಕೆಟಲ್ ಕುದಿಯುವ ಸದ್ದು ಕೇಳಿತು, ಅದು ನಿಂತದ್ದೂ ಕೇಳಿತು. ಇನ್ನೂ ಮಾತಿಲ್ಲ. ನನ್ನ ಕಸುಬಿನ ಪ್ರಕಾರ ಇನ್ನೊಂದು ಕ್ಷಣ ತಡೆದಿದ್ದರೆ ವ್ಯಾಪಾರ ನನ್ನದೇ.

ಮೊದಲು ಬಾಯಿ ಬಿಟ್ಟವಳು ನಾನು. "ಬೇಡ ಅಂದ್ರೆ ಬೇಡ ಮಗಳೇ. ನಿನ್ನ ಸುದ್ದಿ ಅದು."

"ಬರಿ ದೊಡ್ಡಮ್ಮ," ಎಂದಳು. "ಯಾವ ಪರೀಕ್ಷೆ ಅಂತ ಮಾತ್ರ ಹಾಕ್ಬೇಡ."

ಹಾಕಿಲ್ಲ.